ಬ್ರಿಟನ್ನಿನ ರಾಜ್ಯಪದ್ಧತಿ: ಹಳೆಯ ಹೆಸರು, ಹೊಸ ಒಡೆತನ

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅರಮನೆಯಲ್ಲಿ ಪಾರ್ಲಿಮೆಂಟಿನ ಹೊಸ ಅಧಿವೇಶನವು ಆರಂಭವಾಗುವ ದಿನ, ಕಿರೀಟಧಾರಿಯಾದ ಅರಸನು ಲಾರ್ಡ್ಸ್ ಸಭೆಯ ಸಿಂಹಾಸನದಲ್ಲಿ ಕುಳಿತು, ಕಾಮನ್ಸ್ ಸಭೆಯ ಸದಸ್ಯರನ್ನು ಕರೆತರುವಂತೆ ‘ಬ್ಲ್ಯಾಕ್ ರಾಡ್’ ಎಂಬ ಅಧಿಕಾರಿಯನ್ನು ಕಳುಹಿಸುತ್ತಾನೆ. ಕರಿಯ ದಂಡವನ್ನು ಹಿಡಿದ ಆ ಅಧಿಕಾರಿಯು ಉದ್ದನೆಯ ಮೊಗಸಾಲೆಗಳನ್ನು ದಾಟಿ ಕಾಮನ್ಸ್ ಸಭೆಯ ಹೊಸ್ತಿಲನ್ನು ಸಮೀಪಿಸುತ್ತಿದ್ದಂತೆಯೇ ಒಳಗಿನವರು ಬಾಗಿಲನ್ನು ಅವರ ಮುಖಕ್ಕೇ ದಡಾರನೆ ಮುಚ್ಚಿಬಿಡುತ್ತಾರೆ. ದಂಡದ ತುದಿಯಿಂದ ಮೂರು ಸಲ ಬಡಿದಮೇಲೆ ಮಾತ್ರ ಕದ ತೆರೆಯುತ್ತದೆ. ಸದಸ್ಯರು ಎದ್ದು, ಆತುರವೇನೂ ಇಲ್ಲವೆಂಬುದನ್ನು ತೋರಿಸುವ ನಡಿಗೆಯಲ್ಲಿ, ತಮ್ಮ ತಮ್ಮಲ್ಲೇ ಮಾತನಾಡಿಕೊಳ್ಳುತ್ತ ಅರಸನ ಸನ್ನಿಧಿಗೆ ಹೋಗುತ್ತಾರೆ. ಅರಸನು ಅಲ್ಲಿಂದ ಕ್ಷೇಮವಾಗಿ ಹಿಂದಿರುಗುವವರೆಗೂ ಕಾಮನ್ಸ್ ಸಭೆಯ ಒಬ್ಬ ಸದಸ್ಯನನ್ನು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಒತ್ತೆಯಾಳಾಗಿ ಇರಿಸಿಕೊಂಡಿರುತ್ತಾರೆ. ಉಪಚಾರಕ್ಕೇನೂ ಕೊರತೆಯಿಲ್ಲದ ಒತ್ತೆ, ನಿಜ, ಆದರೆ ಒತ್ತೆಯೇ. 1605ರಲ್ಲಿ ಕೆಲವರು ಕಟ್ಟಡದ ಕೆಳಗೆ ಮದ್ದಿನ ಪೀಪಾಯಿಗಳನ್ನಿಟ್ಟು ಅರಸನನ್ನೂ ಸಭೆಯನ್ನೂ ಒಟ್ಟಿಗೆ ಹಾರಿಸಲು ಹವಣಿಸಿದ್ದ ಕಾರಣ, ಸಮಾರಂಭಕ್ಕೂ ಮುಂಚೆ ಅಂಗರಕ್ಷಕರು ಇಂದಿಗೂ ನೆಲಮಾಳಿಗೆಗಳನ್ನು ಶೋಧಿಸಿ ನೋಡುತ್ತಾರೆ.

ಇಷ್ಟೆಲ್ಲ ಆದಮೇಲೆ ಅರಸನು ಓದುವ ಭಾಷಣದಲ್ಲಿ ಅವನದೆಂಬ ವಾಕ್ಯ ಒಂದೂ ಇರುವುದಿಲ್ಲ. ‘ನನ್ನ ಸರಕಾರವು ಇಂತಿಂಥ ಶಾಸನಗಳನ್ನು ತರುವುದು’ ಎಂದು ಅವನು ಗಂಭೀರವಾಗಿ ನುಡಿಯುತ್ತಾನೆ, ಬರೆದುಕೊಟ್ಟವರು ಮಂತ್ರಿಗಳು. ಆ ಶಾಸನಗಳು ಅವನಿಗೆ ಮೆಚ್ಚುಗೆಯೇ ಅಲ್ಲವೇ ಎಂಬುದನ್ನು ಮುಖಭಾವದಿಂದಲೂ ಸೂಚಿಸುವಂತಿಲ್ಲ.

ಮುಚ್ಚುವ ಆ ಬಾಗಿಲಿನ ಹಿಂದೆ 1642ರ ಜನವರಿ 4ನೆಯ ತಾರೀಖಿನ ನೆನಪಿದೆ. ಅಂದು ಒಂದನೆಯ ಚಾರ್ಲ್ಸ್ ದೊರೆಯು ತನ್ನನ್ನು ವಿರೋಧಿಸುತ್ತಿದ್ದ ಐವರು ಸದಸ್ಯರನ್ನು ಸೆರೆಹಿಡಿಯುವ ಸಲುವಾಗಿ ಸಶಸ್ತ್ರ ಭಟರೊಡನೆ ಕಾಮನ್ಸ್ ಸಭೆಗೆ ನುಗ್ಗಿ, ಅಧ್ಯಕ್ಷ ಪೀಠವನ್ನೇರಿ, ಅವರೆಲ್ಲಿ ಎಂದು ಕೇಳಿದನು. ಐವರೂ ಮುನ್ಸೂಚನೆ ಪಡೆದು ಥೇಮ್ಸ್ ನದಿಯ ದೋಣಿ ಹತ್ತಿ ಪಾರಾಗಿದ್ದರು. ಸಭಾಧ್ಯಕ್ಷನಾದ ವಿಲಿಯಂ ಲೆಂತಾಲನು ಅರಸನ ಮುಂದೆ ಮೊಳಕಾಲೂರಿ, ಈ ಸಭೆಯು ಅಪ್ಪಣೆ ಕೊಟ್ಟ ಹೊರತು ಇಲ್ಲಿ ನೋಡುವುದಕ್ಕೆ ತನಗೆ ಕಣ್ಣಿಲ್ಲ, ನುಡಿಯುವುದಕ್ಕೆ ನಾಲಗೆಯಿಲ್ಲ ಎಂಬರ್ಥದ ಉತ್ತರವನ್ನು ಕೊಟ್ಟನು. ಮಂಡಿಯೂರಿಕೊಂಡೇ ‘ಇಲ್ಲ’ವೆನ್ನುವ ಈ ಬಗೆಯಲ್ಲಿ ಬ್ರಿಟಿಷರ ರಾಜಕೀಯ ಸ್ವಭಾವದ ಬಹುಭಾಗ ಅಡಗಿದೆಯೆಂದು ನನಗೆ ತೋರುತ್ತದೆ. ಅಂದಿನಿಂದ ಇಂದಿನವರೆಗೆ, ಸಭೆ ನಡೆಯುತ್ತಿರುವಾಗ ಯಾವ ಅರಸನೂ ಯಾವ ಅರಸಿಯೂ ಆ ಹೊಸ್ತಿಲನ್ನು ದಾಟಿಲ್ಲ.

ಬ್ರಿಟನ್ನಿಗೆ ನಮ್ಮಲ್ಲಿರುವಂತೆ ಒಂದು ಗ್ರಂಥವಾಗಿ ಬರೆದಿಟ್ಟ ಸಂವಿಧಾನವಿಲ್ಲ. ಬೇರೆ ಬೇರೆ ಶತಮಾನಗಳ ಕೆಲವು ಶಾಸನಗಳು, ನ್ಯಾಯಾಲಯಗಳ ತೀರ್ಪುಗಳು, ಎಲ್ಲಿಯೂ ಬರೆಯದೆ ಎಲ್ಲರೂ ಪಾಲಿಸಿಕೊಂಡು ಬಂದ ನಡವಳಿಕೆಗಳು, ಇವುಗಳ ಒಟ್ಟು ಮೊತ್ತವೇ ಅಲ್ಲಿನ ರಾಜ್ಯಾಂಗ. ಅದು ಬೆಳೆದ ಕ್ರಮವೂ ವಿಲಕ್ಷಣವಾದದ್ದು. ಫ್ರಾನ್ಸಿನವರು ಹಳೆಯದನ್ನು ಕೆಡವಿ ಹೊಸದನ್ನು ಕಟ್ಟಿದರು. ಬ್ರಿಟಿಷರಾದರೋ ಹಳೆಯದರ ಹೆಸರು, ವೇಷ, ಮರ್ಯಾದೆ ಎಲ್ಲವನ್ನೂ ಹಾಗೆಯೇ ನಿಲ್ಲಿಸಿ, ಅದರೊಳಗಿನ ಅಧಿಕಾರವನ್ನು ಮಾತ್ರ ಸ್ವಲ್ಪಸ್ವಲ್ಪವಾಗಿ ಬೇರೆಡೆಗೆ ಸಾಗಿಸಿದರು. ಪಹಣಿಯಲ್ಲಿ ಅಜ್ಜನ ಹೆಸರೇ ಮುಂದುವರಿದು ಉಳುಮೆಯೂ ಫಸಲೂ ಮೊಮ್ಮಕ್ಕಳದಾಗಿರುವ ಜಮೀನಿನಂತೆ, ಅಲ್ಲಿ ಸರಕಾರ ಅರಸನದು, ಸೇನೆ ಅರಸನದು, ನ್ಯಾಯ ಅರಸನದು. ಅನುಭೋಗ ಮಾತ್ರ ಬೇರೆಯವರದು. 1867ರಲ್ಲಿ ವಾಲ್ಟರ್ ಬ್ಯಾಜಟ್ ಎಂಬ ಪತ್ರಿಕಾಕರ್ತನು ಆಂಗ್ಲ ರಾಜ್ಯಾಂಗವನ್ನು ಕುರಿತು ಬರೆದ ಪುಸ್ತಕದಲ್ಲಿ, ಪ್ರಜೆಗಳ ಗೌರವವನ್ನು ಸೆಳೆಯುವ ಅಂಗಗಳು ಬೇರೆ, ಕೆಲಸ ಮಾಡುವ ಅಂಗಗಳು ಬೇರೆ ಎಂದು ಈ ಗುಟ್ಟನ್ನು ಮೊದಲ ಬಾರಿಗೆ ಬಿಚ್ಚಿ ತೋರಿಸಿದನು. ಅವನ ಮತದಂತೆ ಅರಸನಿಗೆ ಉಳಿದಿರುವ ಹಕ್ಕುಗಳು ಮೂರೇ: ಮಂತ್ರಿಗಳು ಅವನ ಸಲಹೆ ಕೇಳಬೇಕು, ಅವನು ಪ್ರೋತ್ಸಾಹಿಸಬಹುದು, ಎಚ್ಚರಿಸಬಹುದು.

ಇದೆಲ್ಲ ಎಲ್ಲಿಂದ ಮೊದಲಾಯಿತೆಂಬುದನ್ನು ತಿಳಿಯಲು ಬಹಳ ಹಿಂದಕ್ಕೆ ಹೋಗಬೇಕು, ಆದರೆ ಬಹಳ ಹೊತ್ತು ನಿಲ್ಲಬೇಕಾಗಿಲ್ಲ. ಕ್ರಿ.ಶ. 43ರಲ್ಲಿ ಬಂದ ರೋಮನ್ನರು ಸುಮಾರು 410ರವರೆಗೆ ಆಳಿ, ನೇರವಾದ ರಸ್ತೆಗಳನ್ನೂ ಉತ್ತರದಲ್ಲಿ ಹೇಡ್ರಿಯನ್ನನ ಗೋಡೆಯನ್ನೂ ಬಿಟ್ಟುಹೋದರು. ತರುವಾಯ ಸಮುದ್ರದಾಚೆಯಿಂದ ಆಂಗ್ಲರು, ಸ್ಯಾಕ್ಸನ್ನರು, ಡೇನರು ಬಂದು ನೆಲೆಸಿದರು. 1066ರಲ್ಲಿ ಹೇಸ್ಟಿಂಗ್ಸ್ ಯುದ್ಧವನ್ನು ಗೆದ್ದ ನಾರ್ಮಂಡಿಯ ವಿಲಿಯಂ ಇಂಗ್ಲೆಂಡಿನ ದೊರೆಯಾದನು. ಇಪ್ಪತ್ತು ವರ್ಷಗಳ ತರುವಾಯ, 1086ರಲ್ಲಿ, ಊರೂರಿಗೆ ಅಧಿಕಾರಿಗಳನ್ನು ಕಳುಹಿಸಿ ಯಾರಿಗೆಷ್ಟು ಭೂಮಿ, ಎಷ್ಟು ನೇಗಿಲು, ಎಷ್ಟು ಗಿರಣಿ ಎಂಬುದನ್ನೆಲ್ಲ ಬರೆಯಿಸಿದನು. ‘ಡೂಮ್ಸ್‌ಡೇ ಪುಸ್ತಕ’ವೆಂದು ಪ್ರಸಿದ್ಧವಾದ ಆ ಕಡತವು ಇಂದಿಗೂ ಉಳಿದಿದೆ. ಆಳುವವರು ಫ್ರೆಂಚ್ ನುಡಿದರು, ಆಳಿಸಿಕೊಳ್ಳುವವರು ಇಂಗ್ಲಿಷ್ ನುಡಿದರು. ಆ ನಾರ್ಮನ್ನರ ನುಡಿಗೆ ಎಷ್ಟು ಆಯುಸ್ಸೆಂದರೆ, ಮಸೂದೆಗೆ ರಾಜಸಮ್ಮತಿ ದೊರೆತುದನ್ನು ಪಾರ್ಲಿಮೆಂಟಿನಲ್ಲಿ ಸಾರುವುದು ಇಂದಿಗೂ ಹಳೆಯ ಫ್ರೆಂಚಿನಲ್ಲಿಯೇ.

ವಿಲಿಯಮ್ಮನ ವಂಶದ ಮುಂದಿನ ಪೀಳಿಗೆಗಳಲ್ಲಿ ಬಂದ ಜಾನ್ ದೊರೆಯು ಯುದ್ಧದಲ್ಲಿ ಸೋತು, ತೆರಿಗೆಯಿಂದ ಜನರನ್ನು ಹಿಂಡಿ, ಸಾಮಂತರ ಮಕ್ಕಳನ್ನು ಒತ್ತೆಯಾಗಿ ಹಿಡಿದು, ಎಲ್ಲರ ದ್ವೇಷವನ್ನೂ ಸಂಪಾದಿಸಿದ್ದನು. 1215ರ ಜೂನ್ 15ರಂದು ಥೇಮ್ಸ್ ದಡದ ರನ್ನಿಮೀಡ್ ಎಂಬ ಹುಲ್ಲುಗಾವಲಿನಲ್ಲಿ ದಂಗೆಯೆದ್ದ ಸಾಮಂತರು ಅವನಿಂದ ಒಂದು ಸನ್ನದಿಗೆ ಮುದ್ರೆ ಒತ್ತಿಸಿಕೊಂಡರು. ಅದೇ ಮ್ಯಾಗ್ನ ಕಾರ್ಟ. ಪ್ರಜಾಪ್ರಭುತ್ವದ ಮೂಲಮಂತ್ರವೆಂಬ ಭಾವನೆಯಿಂದ ಅದನ್ನು ಓದಹೊರಟವನಿಗೆ ಅಚ್ಚರಿಯಾಗುವುದು ಖಂಡಿತ. ಥೇಮ್ಸ್ ನದಿಯಲ್ಲಿ ಮೀನು ಹಿಡಿಯಲು ಹಾಕಿದ ಒಡ್ಡುಗಳನ್ನು ತೆಗೆಯಬೇಕು, ದ್ರಾಕ್ಷಾರಸಕ್ಕೂ ಧಾನ್ಯಕ್ಕೂ ರಾಜ್ಯಾದ್ಯಂತ ಒಂದೇ ಅಳತೆಯಿರಬೇಕು, ವಿಧವೆಯನ್ನು ಬಲವಂತದಿಂದ ಮರುಮದುವೆ ಮಾಡಿಸಕೂಡದು, ಹೀಗೆ ಭೂಮಾಲಿಕರ ನಿತ್ಯದ ದೂರುಗಳೇ ಅದರ 63 ವಿಧಿಗಳಲ್ಲಿ ತುಂಬಿವೆ. ಇವುಗಳ ನಡುವೆ, 39ನೆಯದಾಗಿ, ಸಮಾನಸ್ಕಂಧರ ತೀರ್ಪು ಅಥವಾ ದೇಶದ ಕಾನೂನು ಇಲ್ಲದೆ ಯಾವ ಸ್ವತಂತ್ರ ಪುರುಷನನ್ನೂ ಸೆರೆಯಲ್ಲಿಡಕೂಡದೆಂಬ ವಿಧಿ ಬರುತ್ತದೆ. ‘ಸ್ವತಂತ್ರ ಪುರುಷ’ನೆಂದರೆ ಅಂದಿನ ಬಹುಸಂಖ್ಯಾತ ಜೀತದ ಒಕ್ಕಲುಗಳು ಅದರಲ್ಲಿ ಸೇರಲಿಲ್ಲ. ಸಾಲದೆಂಬಂತೆ, ಕೆಲವೇ ವಾರಗಳಲ್ಲಿ ಪೋಪನು ಆ ಸನ್ನದನ್ನು ಅಸಿಂಧುವೆಂದು ಸಾರಿದನು. ಮರುವರ್ಷ ಜಾನ್ ದೊರೆ ಸತ್ತನು. ಆದರೆ ಅವನ ಎಳೆಯ ಮಗನ ಹೆಸರಿನಲ್ಲಿ ಆಳಿದವರು ಅದನ್ನು ಪುನಃ ಪುನಃ ಹೊರಡಿಸಿದರು. ಅರಸನೂ ಕಾನೂನಿಗೆ ಒಳಪಟ್ಟವನೆಂಬ ಭಾವ, ಬರೆದವರ ಉದ್ದೇಶವನ್ನು ಮೀರಿ, ಅಲ್ಲಿಂದ ಬೇರುಬಿಟ್ಟಿತು.

ಪಾರ್ಲಿಮೆಂಟು ಹುಟ್ಟಿದ್ದೂ ಯಾರ ಆದರ್ಶದಿಂದಲೂ ಅಲ್ಲ, ಅರಸನ ಬೊಕ್ಕಸದ ಬರದಿಂದ. 1265ರಲ್ಲಿ ದಂಗೆಕೋರನಾದ ಸೈಮನ್ ಡಿ ಮಾಂಟ್‌ಫರ್ಟನು ಸಾಮಂತರ ಜೊತೆಗೆ ಜಿಲ್ಲೆಗಳಿಂದಲೂ ಪಟ್ಟಣಗಳಿಂದಲೂ ಪ್ರತಿನಿಧಿಗಳನ್ನು ಕರೆದನು. 1295ರಲ್ಲಿ ಒಂದನೆಯ ಎಡ್ವರ್ಡ್ ದೊರೆ ಅದೇ ಪದ್ಧತಿಯನ್ನು ತನ್ನದಾಗಿಸಿಕೊಂಡನು. ಯುದ್ಧಕ್ಕೆ ತೆರಿಗೆ ಬೇಕಾದಾಗ ಒಪ್ಪಿಗೆ ಕೊಡುವುದು ಅವರ ಕೆಲಸ. ಒಪ್ಪಿಗೆ ಕೊಡುವ ಮುನ್ನ ನಮ್ಮ ಅಹವಾಲುಗಳನ್ನು ಕೇಳಿರೆಂದು ಅವರು ಹೇಳಲಾರಂಭಿಸಿದರು. ಅಹವಾಲುಗಳೇ ಕಾಲಕ್ರಮದಲ್ಲಿ ಮಸೂದೆಗಳಾದವು. ಹದಿನಾರನೆಯ ಶತಮಾನದ ಎಂಟನೆಯ ಹೆನ್ರಿಯಂಥ ನಿರಂಕುಶನು ಕೂಡ, ರೋಮಿನ ಪೋಪನೊಡನೆ ಸಂಬಂಧ ಕಡಿದುಕೊಂಡು ತಾನೇ ದೇಶದ ಧರ್ಮಸಂಸ್ಥೆಯ ಅಧಿಪತಿಯಾಗುವಾಗ, 1534ರಲ್ಲಿ ಅದನ್ನು ಪಾರ್ಲಿಮೆಂಟಿನ ಶಾಸನದ ಮೂಲಕವೇ ಮಾಡಿಸಿಕೊಂಡನು. ತಮಾಷೆಯೆಂದರೆ, ಅದಕ್ಕೆ ಹದಿಮೂರು ವರ್ಷ ಮೊದಲು, ಲೂಥರನನ್ನು ಖಂಡಿಸಿ ಬರೆದುದಕ್ಕಾಗಿ ಪೋಪನೇ ಅವನಿಗೆ ‘ಧರ್ಮರಕ್ಷಕ’ನೆಂಬ ಬಿರುದನ್ನು ಕೊಟ್ಟಿದ್ದನು; ಪೋಪನನ್ನು ಬಿಟ್ಟರೂ ಬಿರುದನ್ನು ಬಿಡಲಿಲ್ಲ. ಬ್ರಿಟಿಷ್ ನಾಣ್ಯಗಳ ಮೇಲೆ ಅದರ ಲ್ಯಾಟಿನ್ ಸಂಕ್ಷಿಪ್ತಾಕ್ಷರಗಳನ್ನು ಇಂದಿಗೂ ಕಾಣಬಹುದು.

ಬ್ರಿಟನ್ನಿನ ಬದಲಾವಣೆಗಳೆಲ್ಲ ರಕ್ತಪಾತವಿಲ್ಲದೆ, ಸಜ್ಜನರ ಸಂವಾದದಿಂದ ಆದವೆಂಬ ಕಥೆಯನ್ನು ಆ ದೇಶದವರೇ ಹೇಳಿಕೊಳ್ಳುವುದುಂಟು, ನಮ್ಮ ಹಳೆಯ ಪಠ್ಯಪುಸ್ತಕಗಳೂ ಅದನ್ನು ನಂಬಿದ್ದವು. ಮೇಲೆ ಹೇಳಿದ ಚಾರ್ಲ್ಸ್ ದೊರೆಯ ಗತಿಯನ್ನು ನೋಡಿದರೆ ಸಾಕು. ಪಾರ್ಲಿಮೆಂಟಿಗೂ ಅವನಿಗೂ ನಡೆದ ಅಂತರ್ಯುದ್ಧದಲ್ಲಿ ಅವನು ಸೋತು ಸೆರೆಸಿಕ್ಕನು. 59 ಮಂದಿ ಅವನ ಮರಣಶಾಸನಕ್ಕೆ ಸಹಿ ಹಾಕಿದರು. 1649ರ ಜನವರಿ 30ರ ಚಳಿಯಲ್ಲಿ, ನಡುಗಿದರೆ ಜನ ಹೆದರಿದನೆಂದುಕೊಂಡಾರೆಂದು ಎರಡು ಅಂಗಿಗಳನ್ನು ತೊಟ್ಟು, ವೈಟ್‌ಹಾಲಿನ ಔತಣಮಂದಿರವನ್ನು ಹಾಯ್ದು ಅವನು ವಧಾಸ್ಥಾನಕ್ಕೆ ನಡೆದನು. ಆ ಮಂದಿರದ ಒಳಚಾವಣಿಯಲ್ಲಿ, ತನ್ನ ತಂದೆಯು ದಿವ್ಯತ್ವಕ್ಕೇರುವ ಚಿತ್ರವನ್ನು ಮಹಾಚಿತ್ರಕಾರ ರೂಬೆನ್ಸನಿಂದ ಬರೆಯಿಸಿದವನು ಅವನೇ. ಮುಂದೆ ಹನ್ನೊಂದು ವರ್ಷ ಇಂಗ್ಲೆಂಡಿನಲ್ಲಿ ಅರಸನಿರಲಿಲ್ಲ. ಆಲಿವರ್ ಕ್ರಾಮ್‌ವೆಲ್ಲನು ಸೈನ್ಯದ ಬಲದಿಂದ ಆಳಿದನು. ಅವನ ಮರಣಾನಂತರ 1660ರಲ್ಲಿ ಹತನಾದವನ ಮಗನನ್ನೇ ಕರೆದು ಪಟ್ಟಗಟ್ಟಿದರು. ಕ್ರಾಮ್‌ವೆಲ್ಲನ ಹೆಣವನ್ನು ಗೋರಿಯಿಂದ ತೆಗೆದು ಗಲ್ಲಿಗೇರಿಸಿದರು. ಇಂದು ಪಾರ್ಲಿಮೆಂಟಿನ ಮುಂಭಾಗದಲ್ಲಿ ಕ್ರಾಮ್‌ವೆಲ್ಲನ ಪ್ರತಿಮೆ ನಿಂತಿದೆ. ರಸ್ತೆಯ ಆಚೆ ಸೇಂಟ್ ಮಾರ್ಗರೆಟ್ ಚರ್ಚಿನ ಗೋಡೆಯಲ್ಲಿ ಚಾರ್ಲ್ಸ್ ದೊರೆಯ ಶಿರೋಮೂರ್ತಿ ಅವನನ್ನೇ ನೋಡುತ್ತಿದೆ. ಕೊಂದವನೂ ಬೇಕು, ಕೊಲೆಯಾದವನೂ ಬೇಕು.

ನಿಜವಾದ ಇತ್ಯರ್ಥವು ಆದದ್ದು 1688ರಲ್ಲಿ. ಎರಡನೆಯ ಜೇಮ್ಸನು ದೇಶ ಬಿಟ್ಟು ಓಡಿದಮೇಲೆ ಅವನ ಮಗಳು ಮೇರಿಯನ್ನೂ ಅಳಿಯ ವಿಲಿಯಮ್ಮನನ್ನೂ ಪಾರ್ಲಿಮೆಂಟೇ ಸಿಂಹಾಸನಕ್ಕೆ ಏರಿಸಿತು. 1689ರ ಹಕ್ಕುಗಳ ಶಾಸನದ ಪ್ರಕಾರ, ಪಾರ್ಲಿಮೆಂಟಿನ ಸಮ್ಮತಿಯಿಲ್ಲದೆ ತೆರಿಗೆಯಿಲ್ಲ, ಶಾಂತಿಕಾಲದಲ್ಲಿ ಸೇನೆಯಿಲ್ಲ, ಸಭೆಯೊಳಗಿನ ಮಾತಿಗೆ ಹೊರಗೆ ಶಿಕ್ಷೆಯಿಲ್ಲ. ಅಂದಿನಿಂದ ಅರಸನನ್ನು ಮಾಡುವವರು ಯಾರೆಂಬ ಪ್ರಶ್ನೆ ತೀರಿತು. ಮಸೂದೆಯೊಂದಕ್ಕೆ ರಾಜಸಮ್ಮತಿಯನ್ನು ನಿರಾಕರಿಸಿದ್ದು 1708ರಲ್ಲಿ ಆನ್ ರಾಣಿಯ ಕಾಲದಲ್ಲಿ, ಅದೇ ಕೊನೆ. ನಿರಾಕರಿಸಬಾರದೆಂದು ಯಾವ ಶಾಸನವೂ ಹೇಳದಿದ್ದರೂ ಮೂರು ಶತಮಾನಗಳಿಂದ ಯಾರೂ ನಿರಾಕರಿಸಿಲ್ಲ.

1714ರಲ್ಲಿ ಜರ್ಮನಿಯ ಹ್ಯಾನೋವರಿನಿಂದ ಬಂದ ಒಂದನೆಯ ಜಾರ್ಜನಿಗೆ ಇಂಗ್ಲಿಷು ಅಷ್ಟಕ್ಕಷ್ಟೆ, ಇಂಗ್ಲೆಂಡಿನ ರಾಜಕೀಯದಲ್ಲಿ ಆಸಕ್ತಿ ಅದಕ್ಕಿಂತ ಕಡಮೆ. ಅವನು ಮಂತ್ರಿಗಳ ಸಭೆಗೆ ಬರುವುದನ್ನು ಬಿಟ್ಟಮೇಲೆ, ಖಜಾನೆಯ ಮೊದಲನೆಯ ಲಾರ್ಡ್ ಆಗಿದ್ದ ರಾಬರ್ಟ್ ವಾಲ್‌ಪೋಲ್ 1721ರಿಂದ 1742ರವರೆಗೆ ಆ ಸಭೆಯ ಯಜಮಾನಿಕೆಯನ್ನು ವಹಿಸಿದನು. ಅವನೇ ಮೊದಲನೆಯ ಪ್ರಧಾನಮಂತ್ರಿಯೆಂದು ಈಗ ಎಣಿಕೆ. ಅವನ ಕಾಲದಲ್ಲಿ ಆ ಮಾತು ಹೀಯಾಳಿಕೆಯಾಗಿತ್ತು. ಎರಡನೆಯ ಜಾರ್ಜನು ಡೌನಿಂಗ್ ಬೀದಿಯ ಮನೆಯನ್ನು ಅವನಿಗೆ ಉಡುಗೊರೆಯಾಗಿ ಕೊಡಬಂದಾಗ, ತನಗೆ ಬೇಡ, ತನ್ನ ಹುದ್ದೆಗೆ ಇರಲೆಂದು ಅವನು ಬೇಡಿಕೊಂಡನಂತೆ. ಆ ಹತ್ತನೆಯ ನಂಬರಿನ ಮನೆಯ ಕರಿಯ ಬಾಗಿಲಿನ ಮೇಲಿರುವ ಹಿತ್ತಾಳೆಯ ಅಂಚೆಕಂಡಿಯಲ್ಲಿ ಇಂದಿಗೂ ಕೊರೆದಿರುವುದು ‘ಖಜಾನೆಯ ಮೊದಲನೆಯ ಲಾರ್ಡ್’ ಎಂದೇ ಹೊರತು ಪ್ರಧಾನಮಂತ್ರಿಯೆಂದಲ್ಲ.

ಇಲ್ಲಿಯವರೆಗೆ ಅಧಿಕಾರವು ಅರಸನ ಕೈಯಿಂದ ಜಾರಿ ಭೂಮಾಲಿಕರ ಕೈ ಸೇರಿತೇ ವಿನಾ ಜನರ ಕೈ ಸೇರಿರಲಿಲ್ಲ. ಸಾಲ್ಸ್‌ಬರಿ ಪಟ್ಟಣದ ಬಳಿ ಓಲ್ಡ್ ಸೇರಮ್ ಎಂಬ ಗುಡ್ಡವಿದೆ. ಹಿಂದೊಮ್ಮೆ ಅಲ್ಲಿ ಕೋಟೆಯೂ ಚರ್ಚೂ ಇದ್ದವು. ಊರು ಕೆಳಗಿನ ಬಯಲಿಗೆ ಇಳಿದುಹೋಗಿ ಶತಮಾನಗಳು ಕಳೆದು, ಗುಡ್ಡದ ಮೇಲೆ ಹುಲ್ಲೂ ಕುರಿಗಳೂ ಉಳಿದಿದ್ದವು. ಆದರೂ ಅದಕ್ಕೆ ಕಾಮನ್ಸ್ ಸಭೆಯಲ್ಲಿ ಎರಡು ಸ್ಥಾನ. ಬೆರಳೆಣಿಕೆಯ ಮತದಾರರು ಬೇರೆ ಕಡೆಯಿಂದ ಬಂದು, ಗುಡ್ಡದ ಮಾಲಿಕನು ಹೇಳಿದವನಿಗೆ ಮತ ಹಾಕಿ ಹೋಗುತ್ತಿದ್ದರು. ಭಾರತದ ವ್ಯಾಪಾರದಲ್ಲಿ ಹಣ ಮಾಡಿ, ಮುಂದೆ ಮದ್ರಾಸಿನ ಗವರ್ನರನೂ ಆದ ಥಾಮಸ್ ಪಿಟ್ ಎಂಬಾತನು ಆ ಗುಡ್ಡವನ್ನು ಕೊಂಡುಕೊಂಡಿದ್ದನು. ಅವನ ಮೊಮ್ಮಗ, ತರುವಾಯ ಪ್ರಧಾನಿಯಾಗಿ ಖ್ಯಾತಿವೆತ್ತ ವಿಲಿಯಂ ಪಿಟ್, 1735ರಲ್ಲಿ ಸಭೆಯನ್ನು ಹೊಕ್ಕಿದ್ದು ಆ ಗುಡ್ಡದ ಪ್ರತಿನಿಧಿಯಾಗಿಯೇ. ಇತ್ತ ಹತ್ತಿಯ ಗಿರಣಿಗಳಿಂದ ಜನಭರಿತವಾಗಿ ಊದಿಕೊಂಡಿದ್ದ ಮ್ಯಾಂಚೆಸ್ಟರಿಗೆ ಒಬ್ಬ ಪ್ರತಿನಿಧಿಯೂ ಇರಲಿಲ್ಲ. 1819ರ ಆಗಸ್ಟ್ 16ರಂದು ಅಲ್ಲಿನ ಸೇಂಟ್ ಪೀಟರ್ ಮೈದಾನದಲ್ಲಿ ಮತದ ಹಕ್ಕನ್ನು ಕೇಳಲು ಹೆಂಗಸರು ಮಕ್ಕಳೊಡನೆ ನೆರೆದಿದ್ದ ಸುಮಾರು ಅರವತ್ತು ಸಾವಿರ ಜನರ ಮೇಲೆ ಕುದುರೆಪಡೆಯನ್ನು ನುಗ್ಗಿಸಿದರು. ಹದಿನೈದು ಹದಿನೆಂಟು ಮಂದಿ ಸತ್ತರು, ನೂರಾರು ಮಂದಿ ಗಾಯಗೊಂಡರು.

ಕಡೆಗೆ 1832ರ ಸುಧಾರಣಾ ಶಾಸನವು ಓಲ್ಡ್ ಸೇರಮ್ಮಿನಂಥ ಕ್ಷೇತ್ರಗಳನ್ನು ಅಳಿಸಿ ಮ್ಯಾಂಚೆಸ್ಟರಿನಂಥ ಊರುಗಳಿಗೆ ಸ್ಥಾನ ಕೊಟ್ಟಿತು. ಮತ ಸಿಕ್ಕಿದ್ದು ಸುಮಾರು ಐವರು ಗಂಡಸರಲ್ಲಿ ಒಬ್ಬನಿಗೆ. ಕೂಲಿಕಾರನಿಗಿಲ್ಲ, ಹೆಣ್ಣಿಗಂತೂ ಇಲ್ಲವೇ ಇಲ್ಲ. ಅದಕ್ಕೆ ಒಂದು ವರ್ಷ ಹಿಂದೆ, 1831ರಲ್ಲಿ, ನಗರ ಪ್ರಾಂತದ ರೈತರ ದಂಗೆಯನ್ನು ನೆಪಮಾಡಿಕೊಂಡು ಮೈಸೂರಿನ ಆಡಳಿತವನ್ನು ಅದೇ ಬ್ರಿಟಿಷರು ಕಮಿಷನರುಗಳ ವಶಕ್ಕೆ ತೆಗೆದುಕೊಂಡಿದ್ದರೆಂಬುದನ್ನು ನಾವು ಮರೆಯತಕ್ಕದ್ದಲ್ಲ. ತಮ್ಮ ದೇಶದಲ್ಲಿ ಪ್ರತಿನಿಧಿಗಳ ಒಪ್ಪಿಗೆಯಿಲ್ಲದೆ ತೆರಿಗೆ ಕೂಡದೆಂದು ಅರಸನ ತಲೆಯನ್ನೇ ತೆಗೆದವರು, ನಮ್ಮಲ್ಲಿ ಕಂದಾಯಕ್ಕೆ ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ. ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯೆಂಬುದು ಕೂಡಿದ್ದು 1881ರಲ್ಲಿ, ರಾಜ್ಯವು ಒಡೆಯರಿಗೆ ಮರಳಿದಮೇಲೆ, ದಿವಾನ್ ರಂಗಾಚಾರ್ಲು ಅವರ ಪ್ರಯತ್ನದಿಂದ; ಅಲ್ಲಿಯೂ ಸದಸ್ಯರ ಪಾಲಿಗೆ ಮೊದಮೊದಲು ಬಂದದ್ದು ಅಹವಾಲು ಹೇಳಿಕೊಳ್ಳುವ ಅಧಿಕಾರವಷ್ಟೆ.

ಬ್ರಿಟನ್ನಿನ ಕೂಲಿಕಾರರು ಸುಮ್ಮನಿರಲಿಲ್ಲ. ಚಾರ್ಟಿಸ್ಟರೆಂಬವರು 1838ರಿಂದ ಆರು ಬೇಡಿಕೆಗಳನ್ನು ಮುಂದಿಟ್ಟು ಲಕ್ಷಾಂತರ ಸಹಿಗಳ ಮನವಿಗಳನ್ನು ಮೂರು ಬಾರಿ ಪಾರ್ಲಿಮೆಂಟಿಗೆ ಒಪ್ಪಿಸಿದರು. ಮೂರು ಬಾರಿಯೂ ತಿರಸ್ಕಾರವಾಯಿತು. ಪ್ರತಿವರ್ಷ ಚುನಾವಣೆ ಬೇಕೆಂಬುದೊಂದನ್ನು ಬಿಟ್ಟು ಉಳಿದ ಐದೂ ಮುಂದೆ ಒಂದೊಂದಾಗಿ ಕಾನೂನಾದವು; 1872ರ ಗುಪ್ತಮತದಾನವೂ ಅವುಗಳಲ್ಲೊಂದು. ಹೆಣ್ಣುಮಕ್ಕಳ ಹೋರಾಟ ಇನ್ನೂ ಕಠಿನವಾಯಿತು. 1911ರ ಜನಗಣತಿಯ ರಾತ್ರಿ ಎಮಿಲಿ ಡೇವಿಸನ್ ಎಂಬಾಕೆ ಪಾರ್ಲಿಮೆಂಟಿನ ನೆಲಮಾಳಿಗೆಯ ಪ್ರಾರ್ಥನಾಮಂದಿರಕ್ಕೆ ಹೊಂದಿದ ಪೊರಕೆಯ ಕಪಾಟಿನಲ್ಲಿ ಅಡಗಿ ಕುಳಿತು, ತನ್ನ ಅಂದಿನ ವಾಸಸ್ಥಾನ ಕಾಮನ್ಸ್ ಸಭೆಯೆಂದು ಬರೆಯಿಸಿಕೊಳ್ಳುವ ಸಾಹಸ ಮಾಡಿದಳು. ಎರಡು ವರ್ಷದ ತರುವಾಯ ಎಪ್ಸಮ್ಮಿನ ಪಂದ್ಯದಲ್ಲಿ ದೊರೆಯ ಕುದುರೆಗೆ ಅಡ್ಡಬಂದು ಪೆಟ್ಟು ತಿಂದು ಸತ್ತಳು. 1918ರಲ್ಲಿ ಮೂವತ್ತು ದಾಟಿದ, ಕೆಲವು ಅರ್ಹತೆಗಳುಳ್ಳ ಸ್ತ್ರೀಯರಿಗೂ, 1928ರಲ್ಲಿ ಗಂಡಸರಿಗೆ ಸಮನಾಗಿ ಎಲ್ಲರಿಗೂ ಮತ ಬಂದಿತು. ಆ ಕಪಾಟಿನಲ್ಲಿ ಈಗ ಅವಳ ನೆನಪಿನ ಫಲಕವಿದೆ. ಬಾಗಿಲು ಬಡಿದವರನ್ನು ಮೊದಲು ಹೊಡೆಯುವುದು, ತರುವಾಯ ಒಳಗೆ ಬಿಡುವುದು, ಬಹಳ ಕಾಲದ ಮೇಲೆ ತಾವೇ ಕರೆದಿದ್ದೆವೆಂಬಂತೆ ಫಲಕ ಹಾಕುವುದು ಅಲ್ಲಿನ ಆಳುವವರ್ಗದ ರೂಢಿ.

ಆ ವರ್ಗವನ್ನು ಕುರಿತು ಎರಡು ಮಾತು. 1851ರ ಗಣತಿಯ ವೇಳೆಗೆ ಬ್ರಿಟನ್ನಿನಲ್ಲಿ ಹಳ್ಳಿಗರಿಗಿಂತ ಪಟ್ಟಣಿಗರು ಹೆಚ್ಚಾಗಿದ್ದರು. ಉಗಿಯಂತ್ರವೂ ಕಲ್ಲಿದ್ದಲೂ ಜಗತ್ತಿನಲ್ಲಿ ಮೊದಲು ಆ ಸಮಾಜವನ್ನು ಬುಡಮೇಲು ಮಾಡಿದ್ದವು. ಹೊಸ ಗಿರಣಿಯ ಶ್ರೀಮಂತನಾದರೋ ಹಳೆಯ ಜಮೀನುದಾರನನ್ನು ಹೊರಗಟ್ಟಲಿಲ್ಲ. ತನ್ನ ಮಗನನ್ನು ಜಮೀನುದಾರನ ಮಗನ ಶಾಲೆಗೆ ಕಳುಹಿಸಿದನು. ಈಟನ್ ಶಾಲೆಯನ್ನು 1440ರಲ್ಲಿ ಆರನೆಯ ಹೆನ್ರಿ ಸ್ಥಾಪಿಸಿದ್ದು ಬಡ ವಿದ್ಯಾರ್ಥಿಗಳಿಗೆಂದು. ಇಂದು ಅದು ಸಿರಿವಂತಿಕೆಯ ಇನ್ನೊಂದು ಹೆಸರಾಗಿ, ಇಪ್ಪತ್ತು ಮಂದಿ ಪ್ರಧಾನಿಗಳನ್ನು ಕೊಟ್ಟಿದೆ. ಸಾಮ್ರಾಜ್ಯದ ಸಂಪತ್ತಿನ ಮೂಲವನ್ನೂ ಹೇಳಬೇಕು. 1833ರಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸಿದಾಗ ಪಾರ್ಲಿಮೆಂಟು ಎರಡು ಕೋಟಿ ಪೌಂಡುಗಳ ಪರಿಹಾರ ಮಂಜೂರು ಮಾಡಿತು, ಗುಲಾಮರಿಗಲ್ಲ, ಅವರ ಒಡೆಯರಿಗೆ. ಅದಕ್ಕಾಗಿ ಎತ್ತಿದ ಸಾಲದ ಬಾಕಿ ಸಂಪೂರ್ಣವಾಗಿ ತೀರಿದ್ದು 2015ರಲ್ಲಿ.

ಇದರ ಜೊತೆಗೆ ಇನ್ನೊಂದು ಬ್ರಿಟನ್ನೂ ಇದೆ. ಹಿಟ್ಲರನ ಮೇಲೆ ಜಯ ತಂದುಕೊಟ್ಟ ಚರ್ಚಿಲ್ಲನನ್ನು 1945ರ ಚುನಾವಣೆಯಲ್ಲಿ ಜನ ಮುಲಾಜಿಲ್ಲದೆ ಸೋಲಿಸಿ, ಲೇಬರ್ ಪಕ್ಷದ ಆಟ್ಲಿಯನ್ನು ಕೂರಿಸಿದರು. ವೇಲ್ಸಿನ ಗಣಿಕಾರನ ಮಗನಾಗಿ ಹುಟ್ಟಿ, ತಾನೂ ಗಣಿಯಲ್ಲಿ ದುಡಿದಿದ್ದ ಅನ್ಯೂರಿನ್ ಬೆವನ್ ಆರೋಗ್ಯಮಂತ್ರಿಯಾಗಿ, ತನ್ನ ಊರಾದ ಟ್ರೆಡೀಗರಿನಲ್ಲಿ ಕಾರ್ಮಿಕರು ವಂತಿಗೆ ಹಾಕಿ ನಡೆಸುತ್ತಿದ್ದ ವೈದ್ಯಸಂಘದ ಮೇಲ್ಪಂಕ್ತಿಯನ್ನು ಇಡೀ ದೇಶಕ್ಕೆ ಹಿಗ್ಗಿಸಿದನು. 1948ರ ಜುಲೈ 5ರಿಂದ ಅಲ್ಲಿ ಚಿಕಿತ್ಸೆಗಾಗಿ ರೋಗಿಯು ವೈದ್ಯನಿಗೆ ಹಣ ಕೊಡಬೇಕಾಗಿಲ್ಲವೆಂಬ ವ್ಯವಸ್ಥೆ ನಡೆಯುತ್ತಿದೆ. ಅದಕ್ಕೆ ಕೆಲವೇ ದಿನ ಮೊದಲು ‘ವಿಂಡ್‌ರಷ್’ ಹಡಗು ವೆಸ್ಟ್ ಇಂಡೀಸಿನ ಜನರನ್ನು ಟಿಲ್‌ಬರಿ ಬಂದರಿನಲ್ಲಿ ಇಳಿಸಿತ್ತು. ತರುವಾಯ ಭಾರತ, ಪಾಕಿಸ್ತಾನ, ಪೂರ್ವ ಆಫ್ರಿಕಗಳಿಂದ ಬಂದವರು ಸೇರಿ ಆ ಸಮಾಜದ ಬಣ್ಣವನ್ನೇ ಬದಲಿಸಿದರು. ಪಾರ್ಲಿಮೆಂಟಿನ ಎದುರು ದಡದ ಲ್ಯಾಂಬೆತ್‌ನಲ್ಲಿ 2015ರಿಂದ ನಮ್ಮ ಬಸವಣ್ಣನವರ ಪ್ರತಿಮೆಯಿದೆ. 2022ರಲ್ಲಿ, ನಮ್ಮವರು ‘ಕರ್ನಾಟಕದ ಅಳಿಯ’ನೆಂದು ಸಂಭ್ರಮಪಟ್ಟ ರಿಷಿ ಸುನಕ್ ಪ್ರಧಾನಿಯಾದರು. ಸಂಭ್ರಮ ಸಹಜವೇ, ಆದರೆ ಅವರು ಓದಿದ್ದು 1382ರಲ್ಲಿ ಸ್ಥಾಪಿತವಾದ ವಿಂಚೆಸ್ಟರ್ ಶಾಲೆಯಲ್ಲಿ, ಆಮೇಲೆ ಆಕ್ಸ್‌ಫರ್ಡಿನಲ್ಲಿ. ವರ್ಣದ ಗೋಡೆ ದಾಟುವುದಕ್ಕೂ ವರ್ಗದ ಏಣಿ ಬೇಕಾಯಿತು.

ಇಂದಿನ ಕಾಮನ್ಸ್ ಸಭೆಗೆ 650 ಸದಸ್ಯರು. ಸಭಾಗೃಹದಲ್ಲಿ ಅಷ್ಟು ಜನಕ್ಕೆ ಆಸನಗಳಿಲ್ಲ. 1941ರಲ್ಲಿ ಜರ್ಮನರ ಬಾಂಬಿನಿಂದ ಅದು ಸುಟ್ಟಾಗ ದೊಡ್ಡದಾಗಿ ಕಟ್ಟಬಹುದಾಗಿತ್ತು. ಚರ್ಚಿಲ್ಲನ ಹಟದಿಂದ ಹಳೆಯ ಅಳತೆಯಲ್ಲಿಯೇ ಕಟ್ಟಿದರು. ಎದುರುಬದುರಾದ ಪೀಠಗಳ ಮುಂದೆ ನೆಲಹಾಸಿನಲ್ಲಿ ಎರಡು ಕೆಂಪುಗೆರೆಗಳಿವೆ. ಅವುಗಳ ನಡುವಿನ ಅಂತರ ಎರಡು ಕತ್ತಿಗಳ ಉದ್ದವೆಂದು ಪ್ರತೀತಿ. ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಪ್ರಧಾನಿಯು ಆ ಗೆರೆಯ ಈಚೆ ನಿಂತು, ಆಚೆಯಿಂದ ಬರುವ ಪ್ರಶ್ನೆಗಳಿಗೆ ಗದ್ದಲದ ನಡುವೆ ಉತ್ತರ ಕೊಡಬೇಕು. ವಿರೋಧಪಕ್ಷದ ನಾಯಕನಿಗೆ 1937ರಿಂದ ಬೊಕ್ಕಸದಿಂದಲೇ ಸಂಬಳ. ಸರಕಾರವನ್ನು ಬೈಯುವುದಕ್ಕೆ ಸರಕಾರವೇ ಸಂಬಳ ಕೊಡುವ ಈ ಏರ್ಪಾಡು, ನನ್ನ ಎಣಿಕೆಯಲ್ಲಿ, ಆ ದೇಶದವರು ರಾಜ್ಯಶಾಸ್ತ್ರಕ್ಕೆ ಕೊಟ್ಟ ಉತ್ತಮ ಕಾಣಿಕೆ. ಚುನಾವಣೆಯ ಪದ್ಧತಿಯನ್ನು ಅಷ್ಟು ಹೊಗಳಲಾರೆ: ಕ್ಷೇತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಮತ ಬಂದವನು ಗೆದ್ದನೆಂಬ, ನಾವೂ ಅಲ್ಲಿಂದಲೇ ತಂದುಕೊಂಡ ನಿಯಮದ ಫಲವಾಗಿ, 2024ರಲ್ಲಿ ನೂರಕ್ಕೆ ಸುಮಾರು 34 ಮತ ಪಡೆದ ಲೇಬರ್ ಪಕ್ಷಕ್ಕೆ 411 ಸ್ಥಾನಗಳು ದೊರೆತವು.

ಲಾರ್ಡ್ಸ್ ಸಭೆಯದು ಮೆಲ್ಲಗೆ ಕರಗಿದ ಅಧಿಕಾರದ ಕಥೆ. 1909ರಲ್ಲಿ ಅರ್ಥಮಂತ್ರಿ ಲಾಯ್ಡ್ ಜಾರ್ಜನ ಆಯವ್ಯಯವನ್ನು, ಜಮೀನಿನ ಮೇಲೆ ತೆರಿಗೆ ಹಾಕುತ್ತದೆಂಬ ಸಿಟ್ಟಿನಿಂದ ಅದು ತಳ್ಳಿಹಾಕಿತು. 1911ರ ಶಾಸನವು ಹಣಕಾಸಿನ ಮಸೂದೆಯನ್ನು ಒಂದು ತಿಂಗಳಿಗಿಂತ ಹೆಚ್ಚು ತಡೆಯದಂತೆ ಅದರ ಕೈ ಕಟ್ಟಿತು. 1958ರಿಂದ ಜೀವಾವಧಿ ಸದಸ್ಯರು ಬಂದರು. 1999ರಲ್ಲಿ ವಂಶಪಾರಂಪರ್ಯದ ನೂರಾರು ಲಾರ್ಡುಗಳಲ್ಲಿ 92 ಮಂದಿಯನ್ನು ಉಳಿಸಿ ಮಿಕ್ಕವರನ್ನು ಬೀಳ್ಕೊಟ್ಟರು.

ಬರೆಯದ ನಿಯಮಗಳು ನಡೆಯುವುದು ಆಳುವವರಿಗೆ ಸಂಕೋಚವಿರುವ ತನಕ. 2016ರಲ್ಲಿ ನೂರಕ್ಕೆ 52 ಮಂದಿ ಯೂರೋಪು ಒಕ್ಕೂಟವನ್ನು ಬಿಡಬೇಕೆಂದು ಮತ ಹಾಕಿದ ತರುವಾಯದ ಕಲಹದಲ್ಲಿ, 2019ರ ಆಗಸ್ಟಿನಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ ಪಾರ್ಲಿಮೆಂಟನ್ನು ಐದು ವಾರಗಳ ಕಾಲ ಮುಚ್ಚಿಡುವಂತೆ ರಾಣಿಗೆ ಸಲಹೆ ಕೊಟ್ಟರು. ಮಂತ್ರಿಯ ಸಲಹೆಯನ್ನು ಮೀರುವಂತಿಲ್ಲವಾಗಿ ರಾಣಿ ಒಪ್ಪಿದರು. ಸೆಪ್ಟೆಂಬರ್ 24ರಂದು ಹನ್ನೊಂದು ನ್ಯಾಯಾಧೀಶರು ಒಮ್ಮತದಿಂದ ಆ ಸಲಹೆ ಕಾನೂನಿಗೆ ವಿರುದ್ಧವೆಂದರು. ಮರುದಿನ ಸಭೆ ಮತ್ತೆ ಸೇರಿತು. ಈ ತೀರ್ಪು ಕೊಟ್ಟ ಸರ್ವೋಚ್ಚ ನ್ಯಾಯಾಲಯಕ್ಕೆ ಆಗ ಹತ್ತು ವರ್ಷ ವಯಸ್ಸು. 2009ರವರೆಗೆ ದೇಶದ ಕೊನೆಯ ನ್ಯಾಯಪೀಠವು ಲಾರ್ಡ್ಸ್ ಸಭೆಯದೇ ಒಂದು ಸಮಿತಿಯಾಗಿತ್ತು.

ಉಳಿದಿರುವ ತೊಡಕೆಂದರೆ ದೇಶವು ಒಂದಾಗಿ ಉಳಿಯುವುದೇ ಎಂಬುದು. ನಮ್ಮ ಹಿರಿಯರು ಎಲ್ಲವನ್ನೂ ಇಂಗ್ಲೆಂಡೆಂದೇ ಕರೆದರೂ, ಅದು ನಾಲ್ಕು ನಾಡುಗಳ ಒಕ್ಕೂಟ. ವೇಲ್ಸನ್ನು ಗೆದ್ದು ಸೇರಿಸಿಕೊಂಡರು. ಸ್ಕಾಟ್ಲೆಂಡು 1707ರಲ್ಲಿ ಒಪ್ಪಂದದಿಂದ ಸೇರಿತು. ಐರ್ಲೆಂಡನ್ನು 1801ರಲ್ಲಿ ಸೇರಿಸಿಕೊಂಡವರು, 1845ರಿಂದ ಅಲ್ಲಿ ಆಲೂಗಡ್ಡೆಯ ಬೆಳೆ ಕೊಳೆತು ಹತ್ತು ಲಕ್ಷದಷ್ಟು ಜನ ಸತ್ತಾಗಲೂ ಆ ನಾಡಿನ ಧಾನ್ಯವು ಹೊರಕ್ಕೆ ಹೋಗುವುದನ್ನು ತಡೆಯಲಿಲ್ಲ. 1922ರಲ್ಲಿ ಐರ್ಲೆಂಡಿನ ಬಹುಭಾಗ ಬೇರೆಯಾಯಿತು. ಉಳಿದ ಉತ್ತರ ಭಾಗದಲ್ಲಿ ಮೂವತ್ತು ವರ್ಷ ನಡೆದ ಹಿಂಸೆಗೆ 1998ರ ಒಪ್ಪಂದವು ತಡೆಹಾಕಿತು. ಎಡಿನ್‌ಬರೊದಲ್ಲಿ 1999ರಿಂದ ಸ್ಕಾಟರ ಪಾರ್ಲಿಮೆಂಟಿದೆ. 2014ರಲ್ಲಿ ನೂರಕ್ಕೆ 55 ಸ್ಕಾಟರು ಒಕ್ಕೂಟದಲ್ಲಿಯೇ ಇರೋಣವೆಂದರು. ಮತ್ತೊಮ್ಮೆ ಜನಮತ ಕೇಳುವುದು ಲಂಡನ್ನಿನ ಒಪ್ಪಿಗೆಯಿಲ್ಲದೆ ಆಗದೆಂದು 2022ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು.

ಸ್ಕಾಟ್ಲೆಂಡಿನ ಅರಸರು ಪಟ್ಟವೇರುತ್ತಿದ್ದ ಸ್ಕೋನ್ ಶಿಲೆಯನ್ನು 1296ರಲ್ಲಿ ಒಂದನೆಯ ಎಡ್ವರ್ಡನು ಕೊಳ್ಳೆಹೊಡೆದು ತಂದು, ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಪಟ್ಟಾಭಿಷೇಕದ ಕುರ್ಚಿಯ ಕೆಳಗೆ ಹುದುಗಿಸಿದ್ದನು. 1950ರ ಕ್ರಿಸ್‌ಮಸ್ಸಿನ ರಾತ್ರಿ ಗ್ಲಾಸ್ಗೋದ ನಾಲ್ವರು ವಿದ್ಯಾರ್ಥಿಗಳು ಅದನ್ನು ಕದ್ದೊಯ್ದರು, ಎಳೆದಾಟದಲ್ಲಿ ಅದು ಎರಡು ತುಂಡಾಯಿತು. ಕೆಲವು ತಿಂಗಳ ಮೇಲೆ ಪೊಲೀಸರು ಮರಳಿ ತಂದರು. 1996ರಲ್ಲಿ ಸರಕಾರವೇ ಅದನ್ನು ಸ್ಕಾಟರಿಗೆ ಹಿಂದಿರುಗಿಸಿತು, ಪಟ್ಟಾಭಿಷೇಕವಿದ್ದಾಗ ಎರವಲು ಕೊಡತಕ್ಕದ್ದೆಂಬ ಕರಾರಿನ ಮೇಲೆ. 2023ರ ಮೇ 6ರಂದು ಮೂರನೆಯ ಚಾರ್ಲ್ಸ್ ಅದರ ಮೇಲೆ ಕುಳಿತು ಕಿರೀಟ ಧರಿಸಿದಮೇಲೆ ಕಲ್ಲು ಉತ್ತರಕ್ಕೆ ಮರಳಿತು, ಈಗ ಪರ್ತ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿದೆ. ಮುಂದಿನ ಪಟ್ಟಾಭಿಷೇಕಕ್ಕೂ ಅದನ್ನು ಕಳುಹಿಸಿಕೊಡಬೇಕು. ಆ ವೇಳೆಗೆ ಸ್ಕಾಟ್ಲೆಂಡು ಒಕ್ಕೂಟದ ಒಳಗಿರುವುದೋ ಹೊರಗಿರುವುದೋ ಎಂಬುದರ ಮಾತನ್ನು ಆ ಕರಾರು ಎತ್ತುವುದಿಲ್ಲ.